ಹಸು ನಿಲ್ಲಿಸೋ ಚೌಕಟ್ಟಿನೊಳಗೆ ಕೂತು ಎದ್ದಿದ್ದು

ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಮಾರುವವನದೊಂದು ಕೈ, ಕೊಳ್ಳುವವನದೊಂದು ಕೈ, ಎರಡರ ಮೇಲೂ ಒಂದು ಟವಲ್ಲು. ಒಳಗೆ ಎಷ್ಟು ಬೆರಳು ಹಿಡಿದರು ಅನ್ನುವುದರಲ್ಲೇ ವ್ಯಾಪಾರ ಮುಗಿಯುತ್ತದೆ. ಸುತ್ತ ನಿಂತವರಿಗೆ ನಮ್ಮಿಬ್ಬರ ಮುಖ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮೀಸೆ ಮೂಡುವ ಮೊದಲೇ ನಾನು ಈ ದಲ್ಲಾಳಿ ಕೆಲಸಕ್ಕೆ ಬಿದ್ದವನು. ಅಪ್ಪನದು ಅಂತ ಒಂದು ಕರುವೂ ಇರಲಿಲ್ಲ. ಬೆರಳು ಮತ್ತು ಬಾಯಿ, ಇವೆರಡರಿಂದಲೇ ದೊಡ್ಡಬೆಳವಂಗಲದ ಹತ್ತಿರ ಮನೆ ಕಟ್ಟಿದೆ, ಕೊಟ್ಟಿಗೆ ಕಟ್ಟಿದೆ.

ಕಾಯಿಲೆ ಮೊದಲು ತೋರಿಸಿಕೊಂಡಿದ್ದು ಆ ಟವಲ್ಲಿನ ಕೆಳಗೆ.

ಅವತ್ತು ಎದುರಿಗಿದ್ದವನು ಸಾಸಲು ಕಡೆಯ ಕೆಂಪಣ್ಣ. ಅವನೂ ದಲ್ಲಾಳಿ. ಸಂತೆಯಲ್ಲಿ ನಮ್ಮಿಬ್ಬರಿಗೂ ಜಗಳ, ಸಂತೆ ಮುಗಿದರೆ ಒಂದೇ ತಟ್ಟೆಯ ಬೋಂಡ. ಎರಡನೇ ಸೂಲಿನ ಸೀಮೆಹಸು ಒಂದಕ್ಕೆ ಅವನು ಬೆಲೆ ಹಿಡಿದ. ನನಗೆ ಎರಡು ಬೆರಳು ಹಿಡಿದ ಹಾಗಾಯಿತು. "ಆಯ್ತು" ಅಂದೆ. ಟವಲ್ಲು ತೆಗೆದು ಅವನು ಬೆಲೆ ಹೇಳಿದಾಗ ಹಸು ಕೊಳ್ಳಲು ನನ್ನನ್ನು ನಂಬಿ ಬಂದಿದ್ದ ರೈತನ ಮುಖ ಇಳಿದುಹೋಯಿತು.

"ಲೇ ಕೆಂಪ, ಹಿಡಿದಿದ್ದು ಎರಡು ಕಣೋ."

"ಮೂರು ಹಿಡ್ದಿದ್ದೀನಿ ಗುರು. ಬೆರಳು ನಿಂದು, ಲೆಕ್ಕ ನಾನಿಟ್ಕೋಬೇಕಾ?"

ಕೆಂಪಣ್ಣ ವ್ಯಾಪಾರದಲ್ಲಿ ಎಷ್ಟೇ ಜಿಗುಟಾದರೂ ಬೆರಳಿನ ವಿಷಯದಲ್ಲಿ ಸುಳ್ಳು ಹೇಳುವವನಲ್ಲ. ಅದು ನನಗೆ ಗೊತ್ತು. ಹಾಗಾದರೆ ನನ್ನ ಮೂರನೇ ಬೆರಳು ಎಲ್ಲಿ ಹೋಯಿತು? ಕೈ ಕೊಡವಿದೆ. ಚಳಿಗೆ ಜೋಮು ಹಿಡಿದಿರಬೇಕು ಅಂದುಕೊಂಡೆ. ಪಾದದ ಕೆಳಗೂ ಎರಡು ದಿನದಿಂದ ಇರುವೆ ಹರಿದಾಡಿದ ಹಾಗಿತ್ತು. ಅದಕ್ಕೂ ಮುಂಚೆ ಒಂದು ಮದುವೆ ಊಟ ಉಂಡು ಹೊಟ್ಟೆ ಕೆಟ್ಟು ಮಲಗಿದ್ದೆ. ಅದರದೇ ನಿತ್ರಾಣ ಅಂತ ಮನೆಯಲ್ಲಿ ಎಲ್ಲರೂ ಅಂದಿದ್ದರು.

ಮುಂದಿನ ಹಸುವಿನ ಕೆಚ್ಚಲು ನೋಡೋಣ ಅಂತ ಕುಕ್ಕರಗಾಲಲ್ಲಿ ಕೂತೆ. ನಾಲ್ಕು ಮೊಲೆಯನ್ನೂ ಹಿಂಡಿ ನೋಡಿದೆ. ಏಳಲು ಹೋದೆ. ಏಳಲಿಲ್ಲ.

ನೋವಿರಲಿಲ್ಲ. ಅದೇ ನೋಡಿ ವಿಚಿತ್ರ. ನೋವಿದ್ದಿದ್ದರೆ ಒಂದು ಕಾರಣ ಸಿಕ್ಕಂತಾಗುತ್ತಿತ್ತು. ಏಳು ಅಂತ ನಾನು ಹೇಳುತ್ತಿದ್ದೇನೆ, ತೊಡೆಗಳು ಬೇರೆ ಯಾರದೋ ಮಾತು ಎಂಬಂತೆ ಸುಮ್ಮನೆ ಕೂತಿವೆ. ಹಸುವಿನ ಹಿಂಗಾಲು ಹಿಡಿದುಕೊಂಡೆ. ಪುಣ್ಯಕ್ಕೆ ಸಾಧು ಹಸು, ಒದೆಯಲಿಲ್ಲ.

"ನೋಡ್ರಪ್ಪೋ, ಮುನಿರಾಜಣ್ಣ ಹಸು ಕಾಲಿಗೆ ಬಿದ್ದವ್ನೆ! ಬೆಲೆ ಇಳಿಸು ತಾಯಿ ಅಂತ ಕೇಳ್ಕೊತಾವ್ನೆ!" ಅಂತ ಯಾರೋ ಕೂಗಿದರು. ಸಂತೆಗೆ ಸಂತೆಯೇ ನಕ್ಕಿತು. ನಾನೂ ನಕ್ಕೆ. ಕೆಂಪಣ್ಣ ಮಾತ್ರ ಬೇಗ ನಗು ನಿಲ್ಲಿಸಿ ಕಂಕುಳಿಗೆ ಕೈ ಕೊಟ್ಟ. ಎತ್ತುವಾಗ ಮೆಲ್ಲಗೆ, "ಲೇ, ತಮಾಷೆ ಮಾಡ್ತಾ ಇಲ್ಲ ತಾನೆ?" ಅಂದ.

ಹಸು ಸಾಗಿಸುವ ಟೆಂಪೋದಲ್ಲೇ ನನ್ನನ್ನು ದೊಡ್ಡಬಳ್ಳಾಪುರಕ್ಕೆ ಕರೆದುಕೊಂಡು ಹೋದ. ಅಲ್ಲಿನ ಕ್ಲಿನಿಕ್ಕಿನಲ್ಲಿ ಸುಸ್ತು ಅಂದರು, ಒಂದು ಸೂಜಿ ಹಾಕಿದರು. ಮಾರನೇ ಬೆಳಿಗ್ಗೆ ಹೊಸ್ತಿಲು ದಾಟಲು ಕಾಲೆತ್ತಿದೆ. ಎತ್ತಿದೆ ಅಂದುಕೊಂಡೆ. ಕಾಲು ಅಲ್ಲೇ ಇತ್ತು. ಮುಂದಕ್ಕೆ ಬಿದ್ದವನನ್ನು ನನ್ನ ಹೆಂಡತಿ ರತ್ನ ಹಿಡಿಯುವಷ್ಟರಲ್ಲಿ ಹಣೆ ಬಾಗಿಲಿಗೆ ಬಡಿದಿತ್ತು.

ಇಲ್ಲಿ ಒಂದು ಮಾತು. ಕಾಲಿನಲ್ಲಿ ಜೋಮು, ಬೆರಳಲ್ಲಿ ಜೋಮು, ಜೊತೆಗೆ ಮೆಟ್ಟಿಲು ಹತ್ತಲು ಕಷ್ಟ, ಇದು ದಿನದಿಂದ ದಿನಕ್ಕೆ ಮೇಲೆ ಹತ್ತುತ್ತಿದೆ ಅನ್ನಿಸಿದರೆ ಸೂಜಿ, ಎಣ್ಣೆ ನೀವುವುದು, ನಾಟಿ ಪುಡಿ ಅಂತ ಕಾಯಬೇಡಿ. ಆವತ್ತೇ ದೊಡ್ಡಾಸ್ಪತ್ರೆಗೆ ಹೋಗಿ. ನಾನು ಯಾರಿಗೂ ಪುಕ್ಕಟೆ ಬುದ್ಧಿ ಹೇಳುವವನಲ್ಲ, ಇದೊಂದನ್ನು ಹೇಳುತ್ತಿದ್ದೇನೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಗಾಲಿಕುರ್ಚಿಯ ಮೇಲೆ ಕೂರಿಸಿ ಒಂದು ಉದ್ದದ ಹಜಾರದಲ್ಲಿ ಬಿಟ್ಟರು. ನನ್ನ ಹಾಗೆ ಇನ್ನೂ ಎಷ್ಟೋ ಜನ ಗೋಡೆಗೆ ಸಾಲಾಗಿ ಕೂತಿದ್ದರು. ಸಂತೆಯಲ್ಲಿ ದನ ಕಟ್ಟಿದ ಹಾಗೆ ಅಂತ ನನಗನ್ನಿಸಿತು, ಆದರೆ ಬಾಯಲ್ಲಿ ಹೇಳಲಿಲ್ಲ. ರತ್ನ ಎಲ್ಲಿಗೋ ಹೋಗಿ ವಾಪಸು ಬಂದಳು. ಕೈಯಲ್ಲಿ ನನ್ನ ಒಂದು ಚಪ್ಪಲಿ.

"ಬಾಗಿಲಲ್ಲಿ ಬಿದ್ದಿತ್ತು ಕಣ್ರಿ. ಗೊತ್ತಾಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ಬಗ್ಗಿ ನೋಡಿದೆ. ಬಲಗಾಲು ಬರಿಗಾಲು. ಅವಳು ಇನ್ನೊಂದನ್ನೂ ಬಿಚ್ಚಿ ಎರಡನ್ನೂ ಒಂದು ಕವರಿಗೆ ಹಾಕಿ ಎದೆಗವುಚಿಕೊಂಡು ನಿಂತಳು. ಆ ಕವರು ನೋಡಿದಾಗ ನನಗಾದ ಹೆದರಿಕೆ ಬಿದ್ದಾಗಲೂ ಆಗಿರಲಿಲ್ಲ. ಮನುಷ್ಯ ಹೋದಮೇಲೆ ಅವನ ಸಾಮಾನು ಹಾಗೆ ಕವರಿನಲ್ಲಿ ಹಾಕಿ ಕೊಡುತ್ತಾರಲ್ಲ, ಹಾಗಿತ್ತು.

ಡಾಕ್ಟರು ಮೊಣಕಾಲಿಗೆ ಸಣ್ಣ ಸುತ್ತಿಗೆಯಲ್ಲಿ ಬಡಿದರು. ಕಾಲು ಕುಪ್ಪಳಿಸಲಿಲ್ಲ. ಇನ್ನೊಂದಕ್ಕೆ ಬಡಿದರು. ಅದೂ ಇಲ್ಲ. ಜಿಬಿಎಸ್ ಅಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ನರಗಳನ್ನು ಹಾಳು ಮಾಡುತ್ತಿದೆ, ಬಾಟಲಿಯಲ್ಲಿ ಔಷಧಿ ಏರಿಸೋಣ ಅಂದರು. ನಾನು ನನ್ನ ಕಸುಬು ಬಿಡಲಿಲ್ಲ.

"ಎಷ್ಟು ದಿನಕ್ಕೆ ಮನೆಗೆ ಕಳಿಸ್ತೀರಾ ಸಾರ್? ಒಂದು ವಾರ ಅಂದ್ಕೊಳ್ಳಲಾ?"

"ಹಾಗೆಲ್ಲ ಹೇಳಕ್ಕಾಗಲ್ಲ."

"ಹತ್ತು ದಿನ ಅನ್ನಿ. ಬಿಡಿ, ನಿಮ್ಮ ಮಾತೂ ಬೇಡ ನನ್ನ ಮಾತೂ ಬೇಡ, ಹನ್ನೆರಡು."

ಅವರು ನಗಲಿಲ್ಲ. "ನೋಡಿ, ಕಾಲಿಂದ ಶುರುವಾಗಿದೆ. ಕೈಗೆ ಬಂದಿದೆ. ಎದೆಗೆ ಹತ್ತಿದರೆ ಉಸಿರಾಡೋಕೆ ಮೆಷಿನ್ ಬೇಕಾಗತ್ತೆ. ಎಲ್ಲಿ ನಿಲ್ಲತ್ತೆ ಅಂತ ಈಗ ಯಾರಿಗೂ ಗೊತ್ತಿಲ್ಲ" ಅಂದರು.

ಆವತ್ತಿನವರೆಗೆ ನನ್ನೆದುರು ಕೂತು ಯಾರೂ ಬೆಲೆ ಹೇಳದೆ ಎದ್ದು ಹೋಗಿರಲಿಲ್ಲ.

ಐಸಿಯುನಲ್ಲಿ ಒಬ್ಬರು ನರ್ಸಮ್ಮ ಆಗಾಗ ಬಂದು ಒಂದೇ ಉಸಿರಲ್ಲಿ ಅಂಕಿ ಎಣಿಸಲು ಹೇಳುತ್ತಿದ್ದರು. ಎಷ್ಟರವರೆಗೆ ಎಣಿಸುತ್ತೇನೋ ಎದೆಯಲ್ಲಿ ಅಷ್ಟು ಬಲ ಉಳಿದಿದೆ ಅಂತ ಲೆಕ್ಕ. ಮೊದಲ ಸಲ ಸಂತೆಯಲ್ಲಿ ಹೇಳುವ ಹಾಗೆ ಗಡಗಡ ಓಡಿಸಿಬಿಟ್ಟೆ. "ಓಡಿಸ್ಬೇಡಿ ಅಪ್ಪಾಜಿ, ನಿಧಾನಕ್ಕೆ" ಅಂದರು. ನಿಧಾನಕ್ಕೆ ಎಣಿಸಿದರೆ ಅಂಕಿ ಎಲ್ಲೋ ನಿಂತುಹೋಯಿತು. ಬೆಳಿಗ್ಗೆ ಮುಟ್ಟಿದ ಅಂಕಿಯನ್ನು ಮಧ್ಯಾಹ್ನ ಮುಟ್ಟಲಿಲ್ಲ. ಮಧ್ಯಾಹ್ನದ್ದನ್ನು ಸಂಜೆ ಮುಟ್ಟಲಿಲ್ಲ. ಪಕ್ಕದ ಮಂಚದಲ್ಲಿ ಒಬ್ಬ ನಡುವಯಸ್ಸಿನ ಮನುಷ್ಯ ಬಾಯಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದ. ಮೆಷಿನ್ನು ಉಸಿರೂದಿದಾಗಲೆಲ್ಲ ಅವನ ಎದೆ ಏಳುತ್ತಿತ್ತು. ನಾನು ಆ ಕಡೆ ತಿರುಗಬಾರದು ಅಂದುಕೊಂಡೇ ಇಡೀ ದಿನ ಆ ಕಡೆಯೇ ನೋಡುತ್ತಿದ್ದೆ.

ರತ್ನನನ್ನು ಸ್ವಲ್ಪ ಹೊತ್ತು ಒಳಗೆ ಬಿಟ್ಟರು. ಅವಳು ಹೊದಿಕೆಯ ಕೆಳಗೆ ಕೈ ಹಾಕಿ ನನ್ನ ಕೈ ಹುಡುಕಿದಳು. "ಎಷ್ಟು ಹೇಳಿ" ಅಂದಳು.

ಹೆಂಗಸರು ಟವಲ್ಲಿನ ಕೆಳಗೆ ಕೈ ಇಡುವುದು ನಮ್ಮ ಸಂತೆಯಲ್ಲಿಲ್ಲ. ಇಷ್ಟು ವರ್ಷ ಜೊತೆಯಲ್ಲಿದ್ದರೂ ಅವಳು ನನ್ನ ಬೆರಳನ್ನು ಹಾಗೆ ಹಿಡಿದಿದ್ದು ಅದೇ ಮೊದಲು. ನನಗೆ ಏನೂ ತಿಳಿಯಲಿಲ್ಲ. ಕೈಮೇಲೆ ಬೆಚ್ಚಗಾಗಿದ್ದು ಕೂಡ ಅಂದಾಜಿಗೆ.

"ನಾಲ್ಕು" ಅಂದೆ.

"ಸರಿಯಾಗಿ ಹೇಳಿದ್ರಿ" ಅಂದಳು.

ಮುಖ ಓದುವುದು ನನ್ನ ಕಸುಬು. ಅವಳ ಮುಖದಲ್ಲಿ ನಾಲ್ಕು ಇರಲಿಲ್ಲ. ನಾನು ನಂಬಿದವನ ಹಾಗೆ ತಲೆ ಆಡಿಸಿದೆ. ಅವಳು ಹೊರಗೆ ಹೋದಮೇಲೆ ಅತ್ತೆ.

ಔಷಧಿ ಹತ್ತಿತೋ, ಕಾಯಿಲೆಗೇ ಸಾಕಾಯಿತೋ. ಕೊಳವೆಯ ಹತ್ತಿರ ಹತ್ತಿರ ಬಂದು ಅದು ನಿಂತಿತು. ಒಂದು ಬೆಳಿಗ್ಗೆ ಎಣಿಕೆ ಕೆಳಗಿಳಿಯಲಿಲ್ಲ. ಸಂಜೆ ಒಂದೆರಡು ಅಂಕಿ ಮೇಲೆ ಹೋಯಿತು. ಆ ನರ್ಸಮ್ಮ ಹಾಳೆಯಲ್ಲಿ ಬರೆದುಕೊಂಡು ಹೋಗುತ್ತಾ ನನ್ನ ಹೆಬ್ಬೆರಳು ಹಿಡಿದು ಒಂದು ಸಲ ಅಲುಗಿಸಿದರು. ನನಗೆ ಅದೇ ಪ್ರಸಾದ.

ಮನೆಗೆ ಬಂದಾಗ ನಾನು ಮೂಟೆ. ಕೂರಿಸಿದಲ್ಲಿ ಕೂರುವುದು, ಎತ್ತಿದರೆ ಏಳುವುದು. ಕೈಗಳು ಬೇಗ ಬಂದವು. ಕಾಲುಗಳು ಬರಲಿಲ್ಲ. ಆಸರೆ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಿದ್ದೆ, ಆದರೆ ಕೂತಲ್ಲಿಂದ ಏಳುವುದು ಮಾತ್ರ ಆಗುತ್ತಿರಲಿಲ್ಲ. ನೆಲದಲ್ಲಿ ಕೂತು ಉಂಡವನು, ಕುಕ್ಕರಗಾಲಲ್ಲಿ ಕೂತು ದುಡಿದವನು ನಾನು. ಕಕ್ಕಸ್ಸಿಗೆ ಕೂಡ ಹೆಂಡತಿ ಬಂದು ಎತ್ತಬೇಕು. ಸತ್ತರೆ ಹೇಗೆ ಅನ್ನುವ ಹೆದರಿಕೆ ಆಸ್ಪತ್ರೆಯಲ್ಲೇ ಉಳಿದಿತ್ತು. ಮನೆಯಲ್ಲಿ ಹೊಸ ಹೆದರಿಕೆ ಶುರುವಾಯಿತು: ಸಾಯದೆ ಹೀಗೇ ಉಳಿದುಬಿಟ್ಟರೆ?

ವಾರಕ್ಕೊಮ್ಮೆ ದೊಡ್ಡಬಳ್ಳಾಪುರದಿಂದ ಶ್ವೇತಾ ಅನ್ನುವ ಫಿಸಿಯೋಥೆರಪಿ ಹುಡುಗಿ ಬರುತ್ತಿದ್ದಳು. ವಯಸ್ಸು ಚಿಕ್ಕದು, ಮಾತು ಕಡ್ಡಿ ಮುರಿದ ಹಾಗೆ. ಒಂದು ದಿನ, "ಅಂಕಲ್, ಇನ್ಮೇಲೆ ಬಾಕ್ಸ್ ಸ್ಕ್ವಾಟ್ ಮಾಡೋಣ" ಅಂದಳು. ಬೆನ್ನ ಹಿಂದೆ ಒಂದು ಗಟ್ಟಿ ಪೆಟ್ಟಿಗೆ ಇಟ್ಟುಕೊಂಡು, ಅದರ ಮೇಲೆ ನಿಧಾನಕ್ಕೆ ಕೂತು, ಒಂದು ಗಳಿಗೆ ತಡೆದು, ಮತ್ತೆ ಏಳುವುದು. ಜಿಮ್ಮಿನಲ್ಲಿ ಹೆಗಲ ಮೇಲೆ ಕಬ್ಬಿಣ ಹೊತ್ತು ಪೈಲ್ವಾನರು ಮಾಡುತ್ತಾರಂತೆ.

"ನನ್ನ ಹೆಗಲ ಮೇಲೆ ಏನು ಇಡ್ತೀಯಮ್ಮಾ?"

"ನಿಮ್ಮ ತಲೆ ಇದೆಯಲ್ಲ, ಸಾಕು. ಮೊದಲು ಒಂದು ಒಳ್ಳೆ ಬಾಕ್ಸ್ ನೋಡಿ. ಮೊಣಕಾಲಿಗಿಂತ ಮೇಲಿರಬೇಕು. ಆಮೇಲೆ ಒಂದೊಂದೇ ಇಂಚು ಇಳಿಸೋಣ."

ಸಾಮಾನು ಕೊಳ್ಳುವ ಕೆಲಸ ಅಂದಕೂಡಲೇ ನನಗೆ ಅರ್ಧ ಜೀವ ಬಂತು. ಈ ವಿಷಯದಲ್ಲಿ ನನ್ನ ಮಾತು ಕೇಳಿ, ನಾನು ಬೇಕಾದಷ್ಟು ಪೆಟ್ಟು ತಿಂದು ಹೇಳುತ್ತಿದ್ದೇನೆ. ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ. ಬಲ ಇಲ್ಲದವನು ಕೂರುವಾಗ ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ, ಕುರ್ಚಿ ಜಾರಿ ಗೋಡೆಗೆ ಹೋಗುತ್ತದೆ, ನೀವು ನೆಲಕ್ಕೆ. ಮಂಚವೂ ಬೇಡ, ಹಾಸಿಗೆ ಒಳಗೆ ತಗ್ಗುತ್ತದೆ. ಇವತ್ತು ಕೂತ ಎತ್ತರವೇ ನಾಳೆಯೂ ಸಿಗಬೇಕು, ಅದಕ್ಕೇ ಪೆಟ್ಟಿಗೆ ಬೇಕಾಗಿರುವುದು. ನಮ್ಮ ಕಡೆ ದ್ರಾಕ್ಷಿ ತುಂಬುವ ಕ್ರೇಟಿಗೆ ಬರವಿಲ್ಲ. ಬೋರಲು ಹಾಕಿ ನೋಡಿದೆ. ನಡುವೆ ಬಳುಕುತ್ತದೆ.

ಬೂದಿಗೆರೆ ಕಡೆ ಹೊಸ ಅಪಾರ್ಟ್‌ಮೆಂಟುಗಳೆದ್ದ ಮೇಲೆ ಅಲ್ಲೊಂದು ಜಿಮ್ ಸಾಮಾನಿನ ಅಂಗಡಿ ಆಗಿದೆ. ಕೆಂಪಣ್ಣನ ಟೆಂಪೋದಲ್ಲಿ ಹೋದೆವು. ಅಂಗಡಿಯವನು ಮೂರು ಎತ್ತರಕ್ಕೂ ತಿರುಗಿಸಿಡಬಹುದಾದ ಮರದ ಪೆಟ್ಟಿಗೆ ತೋರಿಸಿದ. ಕೆಂಪಣ್ಣನ ಹೆಗಲು ಹಿಡಿದು, ಎತ್ತು ನೋಡುವ ಹಾಗೆ ಸುತ್ತ ಬಂದೆ. ನನಗೆ ಬೇಕಾದ ಎತ್ತರಕ್ಕೆ ನಿಲ್ಲಿಸಿದರೆ ಬುಡ ಕಿರಿದಾಗುತ್ತದೆ, ಒಂದು ಮೂಲೆ ಒತ್ತಿದರೆ ಎದುರು ಮೂಲೆ ಏಳುತ್ತದೆ. "ಹಾರೋ ಹುಡುಗ್ರಿಗೆ ಇದು ಸರಿಯಪ್ಪ, ಬೀಳೋ ಮುದುಕನಿಗಲ್ಲ" ಅಂದೆ. ಇನ್ನೊಂದು ತೋರಿಸಿದ, ಮೆತ್ತನೆ ಸ್ಪಂಜಿನದು, ನೋಡಲು ಚೆಂದ. ಕೂತು ನೋಡಿ ಸಾರ್ ಅಂದ. ಕೂತೆ. ಮುಳುಗಿದೆ.

ಏಳಲು ಆಗಲಿಲ್ಲ. ಅಂಗಡಿಗೆ ಬಂದಿದ್ದ ಗಟ್ಟಿಮುಟ್ಟಾದ ಹುಡುಗರು ತಿರುಗಿ ನೋಡಿದರು, ಆಮೇಲೆ ನೋಡದ ಹಾಗೆ ನಿಂತರು. ನಗುತ್ತಿದ್ದರೆ ಎಷ್ಟೋ ವಾಸಿಯಿತ್ತು. ಸಂತೆಯಲ್ಲಿ ಕೂತು ಏಳದೇ ಹೋದ ಆ ಗಳಿಗೆ ಮತ್ತೆ ಮೈಮೇಲೆ ಬಂದು ಬೆವರು ಕಿತ್ತುಕೊಂಡಿತು. ಕೆಂಪಣ್ಣ ಎತ್ತಿದ. ಅಂಗಡಿಯವನು ಪಾಪ, "ಸಾರ್, ಇದರ ಜೊತೆ ರ‍್ಯಾಕ್ ತಗೊಂಡ್ರೆ ಸೇಫ್ಟಿ ಇರತ್ತೆ" ಅಂತ ನಾಲ್ಕು ಕಂಬದ ಒಂದು ಕಬ್ಬಿಣದ ಗೂಡು ತೋರಿಸಿದ. ಎರಡೂ ಪಕ್ಕ ಅಡ್ಡ ಪೈಪು, ಬಿದ್ದರೆ ತಡೆಯುವುದಕ್ಕೆ.

ಕೆಂಪಣ್ಣ ಅದನ್ನು ನೋಡಿದ. ನನ್ನನ್ನು ನೋಡಿದ. "ಲೇ ಮುನಿರಾಜ, ಇದು ನಿನ್ನ ಕೊಟ್ಟಿಗೆಲೇ ಐತಲ್ಲೋ!"

ನಿಜ. ಹಸುವಿಗೆ ಸೂಜಿ ಹಾಕುವಾಗ, ಗೊರಸು ಕತ್ತರಿಸುವಾಗ ಅಲುಗಾಡದ ಹಾಗೆ ನಿಲ್ಲಿಸುವ ಪೈಪಿನ ಚೌಕಟ್ಟು ದನದಾಸ್ಪತ್ರೆಯಲ್ಲಿ ನೋಡಿರುತ್ತೀರಿ. ಮಾರಾಟಕ್ಕೆ ಬರುವ ದನಗಳನ್ನು ಪರೀಕ್ಷೆ ಮಾಡಲು ನಾನೂ ಕೊಟ್ಟಿಗೆಯ ಮಗ್ಗುಲಲ್ಲಿ ಒಂದು ಹಾಕಿಸಿದ್ದೆ. ನಾಲ್ಕು ಕಂಬ ಕಾಂಕ್ರೀಟಿನಲ್ಲಿ ಹೂತಿವೆ. ಗೂಳಿ ನುಗ್ಗಿದರೂ ಜಪ್ಪಯ್ಯ ಅನ್ನುವುದಿಲ್ಲ.

ಅಲ್ಲೇ ಸಿದ್ಧ ಮಾಡಿದೆವು. ಪೆಟ್ಟಿಗೆಯನ್ನು ಊರಿನ ಬಡಗಿಯ ಹತ್ತಿರ ಮಾಡಿಸಿದೆ: ಅಗಲವಾದ, ಭಾರದ ಬುಡ, ಅದರ ಮೇಲೆ ಒಂದರ ಮೇಲೊಂದು ಕೂರುವ ಹಲಗೆಗಳು. ಪ್ರತಿ ಹಲಗೆಯ ಕೆಳಗೂ ಎರಡು ರೀಪರು, ಅಂದರೆ ಸಣ್ಣ ಮರದ ಪಟ್ಟಿ, ಹೊಡೆಸಿದೆ, ಪಕ್ಕಕ್ಕೆ ಜಾರದ ಹಾಗೆ. ಎತ್ತರ ಇಳಿಸಬೇಕಾದರೆ ಒಂದು ಹಲಗೆ ತೆಗೆದರಾಯಿತು. ಅಂಚೆಲ್ಲ ಉಜ್ಜಿಸಿದೆ, ಯಾಕೆಂದರೆ ಜೋಮು ಹಿಡಿದ ಮೈಗೆ ಗೀರಿದ್ದು ತಿಳಿಯುವುದಿಲ್ಲ. ಕೆಳಗೆ ಹಸು ಮಲಗಲು ಹಾಕುವ ರಬ್ಬರ್ ಮ್ಯಾಟು. ಕಾಲೂ ಪೆಟ್ಟಿಗೆಯೂ ಒಂದೇ ಮ್ಯಾಟಿನ ಮೇಲಿರಬೇಕು, ಒಂದು ಮೇಲೆ ಒಂದು ಕೆಳಗೆ ಆಗಬಾರದು. ಪೆಟ್ಟಿಗೆಯ ಬೆನ್ನು ಹಿಂದಿನ ಪೈಪಿಗೆ ತಾಗಿರಬೇಕು. ಹವಾಯಿ ಚಪ್ಪಲಿ ಹಾಕಿಕೊಂಡು ಮಾಡಬೇಡಿ. ಅಡಿ ಚಪ್ಪಟೆಯಾಗಿರುವ ಕ್ಯಾನ್ವಾಸ್ ಶೂ ಹಾಕಿ. ಬಿಚ್ಚಿದ ಮೇಲೆ ಪಾದ ತಿರುಗಿಸಿ ನೋಡಿಕೊಳ್ಳಿ, ಗಾಯವಾಗಿದ್ದರೆ ಕಣ್ಣಿಗೆ ಕಂಡರಷ್ಟೇ ಗೊತ್ತಾಗುವುದು.

ಮೊದಲ ದಿನ ಕೆಂಪಣ್ಣ ನೋಡಲು ಬಂದಿದ್ದ. ನಾನು ಚೌಕಟ್ಟಿನೊಳಗೆ ಪೈಪು ಹಿಡಿದು ನಿಂತಿದ್ದೆ.

"ಎಷ್ಟನೇ ಸೂಲಮ್ಮ ಇದು? ಹಾಲೆಷ್ಟು ಕೊಡ್ತದೆ?" ಅಂತ ರತ್ನನನ್ನು ಕೇಳಿದ.

"ಹಾಲಿಲ್ಲ ಕಣಣ್ಣ, ಬರೀ ಒದೆ" ಅಂದಳು ಅವಳು.

"ಮಾತು ಸಾಕು" ಅಂದಳು ಶ್ವೇತಾ. "ಅಂಕಲ್, ಕುಂಡಿ ಹಿಂದಕ್ಕೆ. ಧೊಪ್ ಅಂತ ಬೀಳ್ಬೇಡಿ. ಬಾಕ್ಸ್ ಇದೆ, ನಂಬಿ."

ನಂಬುವುದು ಅಷ್ಟು ಸುಲಭವಲ್ಲ. ಬೆನ್ನ ಹಿಂದಿರುವುದು ಕಾಣುವುದಿಲ್ಲ. ಕಾಲು ಇದೆ ಅಂತ ನಂಬಿ ಹೊಸ್ತಿಲಲ್ಲಿ ಬಿದ್ದವನು ನಾನು. ಅರ್ಧ ಬಗ್ಗಿದೆ, ತೊಡೆ ನಡುಗಿತು, ಕಣ್ಣು ಮುಚ್ಚಿಕೊಂಡೆ. ಇನ್ನೇನು ಹೋದೆ ಅನ್ನುವಾಗ ಮರ ತಾಗಿತು. ಅಲ್ಲೇ ಇತ್ತು. ಏಳುವಾಗ ಪೈಪು ಹಿಡಿದು ಎಳೆದುಕೊಂಡೇ ಎದ್ದೆ, ಆದರೆ ಮನುಷ್ಯರ ಕೈ ಹಿಡಿಯದೆ ಎದ್ದೆ.

ಐದು ಸಲ ಅಂದಳು. ವಾರಕ್ಕೆ ಮೂರು ದಿನ ಅಂದಳು. ಹಲಗೆ ಯಾವಾಗ ತೆಗೆಯಬೇಕು ಅಂತ ತಾನೇ ಹೇಳುತ್ತೇನೆ ಅಂದಳು.

"ಎರಡು ಹಲಗೆ ಒಟ್ಟಿಗೆ ತೆಗೆದ್ಬಿಡೋಣಮ್ಮ, ಹಬ್ಬದೊಳಗೆ ಮುಗಿಸೋಣ."

"ಅಂಕಲ್, ನಾನು ಹಸು ಮಾರ್ತಾ ಇಲ್ಲ."

ಬೆಳಿಗ್ಗೆ ಕಾಫಿಗೆ ಮುಂಚೆ ರತ್ನ ಟವಲ್ಲು ಹಾಕಿ ಬೆರಳು ಹಿಡಿಯುವುದು ಅಭ್ಯಾಸವಾಯಿತು. "ಎಷ್ಟು?" "ಎರಡು." "ಈಗ?" "ನಾಲ್ಕು, ಅಲ್ಲ ಮೂರು." ತಪ್ಪಿದರೆ ತಪ್ಪು ಅಂತಲೇ ಹೇಳಬೇಕು ಅಂತ ಆಣೆ ಹಾಕಿಸಿಕೊಂಡಿದ್ದೆ. ದಿನ ಕಳೆದಂತೆ ತಪ್ಪು ಕಡಿಮೆಯಾಯಿತು. ಹಲಗೆಯೂ ಒಂದೊಂದೇ ಇಳಿಯಿತು.

ತರಕಾರಿ ತೂಗಿದ ಮೇಲೆ ಕೊಸರು ಕೇಳದೆ ನಾನು ಅಂಗಡಿ ಬಿಟ್ಟವನಲ್ಲ. ಹಸು ಕೊಂಡರೆ ಹಗ್ಗ ಕೊಸರು, ಗಂಟೆ ಕೊಸರು. ಹೇಳಿದಷ್ಟೇ ತೆಗೆದುಕೊಂಡು ಬರುವುದು ನನ್ನ ಕೈಯಲ್ಲಿ ಆಗದ ಕೆಲಸ. ಐದು ಅಂದರೆ ಏಳು ಮಾಡಿದೆ. ಮೂರು ದಿನ ಅಂದರೆ ದಿನಾ ಮಾಡಿದೆ. ರತ್ನ ಡೈರಿಗೆ ಹಾಲು ಹಾಕಲು ಹೋದಾಗ ಮತ್ತೆ ನಾಲ್ಕು. ಶ್ವೇತಾ ಬಂದಾಗ ಮಾತ್ರ ಒಳ್ಳೆಯ ಹುಡುಗನ ಹಾಗೆ ಐದಕ್ಕೆ ನಿಲ್ಲಿಸುತ್ತಿದ್ದೆ. ಲಾಭ ಮಾಡಿಕೊಳ್ಳುತ್ತಿದ್ದೇನೆ ಅಂತಲೇ ನನ್ನ ಎಣಿಕೆ.

ಮಳೆ ಹಿಡಿದ ಒಂದು ವಾರ ನೆಗಡಿಯಾಗಿ ಜ್ವರ ಬಂತು. ಜ್ವರ ಬಿಟ್ಟ ಬೆಳಿಗ್ಗೆ ರತ್ನ ಬೆರಳು ಹಿಡಿದಳು.

"ಎರಡು."

ಅವಳು ಬೆರಳು ಬಿಡಲಿಲ್ಲ. "ಇನ್ನೊಂದ್ಸಲ ಹೇಳಿ."

"ಎರಡು ಕಣೆ."

"ಮೂರು ಹಿಡ್ದಿದೀನ್ರಿ."

ಅದೇ ಮೂರು. ಅದೇ ಎರಡು. ಪಾದದ ಕೆಳಗೆ ಇರುವೆ ಹರಿದವು. ಹರಿದವೋ, ಹರಿಯುತ್ತಿವೆ ಅಂತ ನನಗನ್ನಿಸಿತೋ, ಇವತ್ತಿಗೂ ಹೇಳಲಾರೆ. ನಿದ್ದೆಗಣ್ಣು ಅಂತ ಅವಳನ್ನು ಡೈರಿಗೆ ಕಳಿಸಿ, ಗೋಡೆ ಹಿಡಿದು ಕೊಟ್ಟಿಗೆಗೆ ಹೋದೆ. ಕೂತು ಎದ್ದುಬಿಟ್ಟರೆ ಏನೂ ಆಗಿಲ್ಲ ಅಂತ ಅರ್ಥ. ಅಷ್ಟು ಬೇಕಿತ್ತು ನನಗೆ.

ಕೂತೆ. ಮರ ತಾಗಿತು. ಏಳಲು ಹೋದೆ.

ತೊಡೆಗಳು ಸುಮ್ಮನಿದ್ದವು.

ಪೈಪು ಹಿಡಿದು ಎಳೆದೆ. ಅಂಗೈ ಜಾರಿತು. ಮಳೆ ಹೊಡೆಯುತ್ತಿತ್ತು, ಕೊಟ್ಟಿಗೆಯ ಹಸು ಮೆಲುಕು ಹಾಕುತ್ತಾ ನನ್ನನ್ನೇ ನೋಡುತ್ತಿತ್ತು. ಕೂತಲ್ಲೇ ಒಂದೇ ಉಸಿರಲ್ಲಿ ಎಣಿಸಲು ಶುರು ಮಾಡಿದೆ. ಹೆದರಿಕೆಗೆ ಉಸಿರು ಹಿಡಿದು, ಅಂಕಿ ಬೇಗ ಮುಗಿಯಿತು. ಎದೆಗೆ ಹತ್ತಿದೆ ಅಂದುಕೊಂಡೆ. ಪಕ್ಕದ ಮಂಚದ ಆ ಮನುಷ್ಯ, ಅವನ ಬಾಯಿಯ ಕೊಳವೆ, ರತ್ನನ ಕೈಯ ಚಪ್ಪಲಿ ಕವರು ಎಲ್ಲಾ ಒಟ್ಟಿಗೆ ಕಣ್ಣಮುಂದೆ ಬಂತು. ಈ ಸಲ ಅದು ಎಲ್ಲೂ ನಿಲ್ಲುವುದಿಲ್ಲ ಅಂತ ಖಂಡಿತವಾಗಿ ಅನ್ನಿಸಿತು. ಕೂಗಿದರೆ ಕೇಳಿಸಿಕೊಳ್ಳುವವರಿಲ್ಲ. ಆದರೂ ಕೂಗಿದೆ. ಹೆಂಡತಿಯ ಹೆಸರು ಹಿಡಿದು ಚಿಕ್ಕ ಮಕ್ಕಳ ಹಾಗೆ ಕೂಗಿದೆ.

ಅವಳು ಬಂದಾಗ ಹಾಲಿನ ಕ್ಯಾನು ಬಾಗಿಲಲ್ಲೇ ಬಿತ್ತು.

ಮತ್ತೆ ಅದೇ ಟೆಂಪೋ, ಅದೇ ಹಜಾರ, ಅದೇ ಗಾಲಿಕುರ್ಚಿಯ ಸಾಲು. ಈ ಸಲ ಹಾಜರಿದ್ದ ಎಲ್ಲರ ಕಾಲುಗಳನ್ನೂ ನೋಡಿಕೊಂಡು ಕೂತೆ. ಪಕ್ಕದಲ್ಲಿ ಒಬ್ಬ ಹೊಸಕೋಟೆಯ ಹೆಂಗಸು ತನ್ನ ಗಂಡನ ಪಾದ ನೀವುತ್ತಾ, "ನಿಮ್ಮೋರಿಗೂ ಇದೇನಾ? ವಾಸಿ ಆಗತ್ತಾ?" ಅಂತ ರತ್ನನನ್ನು ಕೇಳಿದಳು. ರತ್ನ ನನ್ನನ್ನು ತೋರಿಸಿ, "ಮೊನ್ನೆವರೆಗೂ ಆಗಿತ್ತಮ್ಮ" ಅಂದಳು. ಆಮೇಲೆ ಆಡಿದ ಮಾತಿಗೆ ನಾಲಿಗೆ ಕಚ್ಚಿಕೊಂಡು, ಬುತ್ತಿಯಿಂದ ಎರಡು ಇಡ್ಲಿ ತೆಗೆದು ಅವಳ ಕೈಗಿಟ್ಟಳು.

ಡಾಕ್ಟರು ಸುತ್ತಿಗೆ ತೆಗೆದರು. ನಾನು ಗೋಡೆ ನೋಡಿದೆ. ಬಡಿದರು. ಕಾಲು ಸ್ವಲ್ಪ, ಬಲು ಸ್ವಲ್ಪ, ಮುಂದಕ್ಕೆ ಹಾರಿತು. ನಾನು ನೋಡಲಿಲ್ಲ, ರತ್ನ "ಅಯ್ಯೋ" ಅಂದಿದ್ದು ಕೇಳಿ ತಿರುಗಿದೆ. ಇನ್ನೊಂದು ಸಲ ಬಡಿಸಿಕೊಂಡು ಕಣ್ಣಾರೆ ನೋಡಿದೆ.

"ಕಾಯಿಲೆ ತಿರುಗಿ ಬಂದಿಲ್ಲ" ಅಂದರು. ಜ್ವರಕ್ಕೆ ನರಗಳು ಮಂಕಾಗುತ್ತವೆ, ಸುಧಾರಿಸುತ್ತದೆ ಅಂದರು. ಆಮೇಲೆ ಕನ್ನಡಕದ ಮೇಲಿಂದ ನೋಡಿ, "ವ್ಯಾಯಾಮ ಎಷ್ಟು ಮಾಡ್ತಾ ಇದ್ರಿ?" ಅಂದರು.

ಬೆಲೆ ಕೇಳಿದಾಗ ಬಾಯಿ ಮುಚ್ಚಿಕೊಂಡಿರುವುದು ನನಗೆ ಗೊತ್ತು. ಆದರೆ ರತ್ನ ಟವಲ್ಲಿನ ಹೊರಗೇ ಮಾತಾಡುವವಳು. "ಕೊಟ್ಟಿಗೆಲಿ ಮ್ಯಾಟು ಸವೆದೈತೆ ಸಾರ್. ಐದಕ್ಕೆ ಅಷ್ಟು ಸವೆಯಲ್ಲ. ನಾನು ನೋಡ್ತಾನೇ ಇದ್ದೆ."

ಗುಣವಾಗುತ್ತಿರುವ ನರವನ್ನು ಮಿತಿಮೀರಿ ದಣಿಸಿದರೆ ಬಂದ ಬಲವೂ ಹೋಗುತ್ತದೆ ಅಂತ ಡಾಕ್ಟರು ಹೇಳಿದರು. ಮಾರನೇ ದಿನ ಶ್ವೇತಾ ಬಂದಳು. ಬೈಯಲಿಲ್ಲ. ಒಂದೊಂದೇ ಇಳಿಸಿದ್ದ ಹಲಗೆಗಳನ್ನು ಒಂದೊಂದೇ ಮೇಲಕ್ಕೆ ಪೇರಿಸಿಟ್ಟಳು. ಇಷ್ಟು ತಿಂಗಳಲ್ಲಿ ನಾನು ಗಳಿಸಿದ್ದೆಲ್ಲ ಮತ್ತೆ ಮೊಣಕಾಲಿನ ಮೇಲೆ ಬಂದು ಕೂತಿತು.

"ಮೂರು ಸಲ" ಅಂದಳು.

ನಾನು ಬಾಯಿ ತೆರೆದೆ. ರತ್ನ ನೋಡಿದಳು. ಮುಚ್ಚಿಕೊಂಡೆ.

ಅದಕ್ಕೇ ಹೇಳುತ್ತೇನೆ, ಪೆಟ್ಟಿಗೆ ಆರಿಸುವಾಗ, ಬಡಗಿಯ ಹತ್ತಿರ, ಅಂಗಡಿಯವನ ಹತ್ತಿರ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಹಲಗೆ ಅಲುಗಿದರೆ ವಾಪಸು ಕೊಡಿ. ಆದರೆ ಎಷ್ಟು ಸಲ, ಎಷ್ಟು ಎತ್ತರ ಅನ್ನುವುದನ್ನು ಡಾಕ್ಟರು, ಫಿಸಿಯೋಥೆರಪಿಯವರು ಹೇಳಿದ ಹಾಗೆ ತೆಗೆದುಕೊಳ್ಳಿ. ಎದ್ದ ಮೇಲೆ ಇನ್ನೊಂದು ಮಾಡೋಣ ಅನ್ನಿಸಿದಾಗ ಚೌಕಟ್ಟಿನಿಂದ ಹೊರಗೆ ಬಂದುಬಿಡಿ. ನನಗೆ ಇವತ್ತಿಗೂ ಅನ್ನಿಸುತ್ತದೆ, ಇವತ್ತಿಗೂ ಹೊರಗೆ ಬರುತ್ತೇನೆ.

ಹಲಗೆಗಳು ಮತ್ತೆ ಇಳಿದವು, ಮೊದಲಿಗಿಂತ ನಿಧಾನವಾಗಿ. ಬುಡದ ಪೆಟ್ಟಿಗೆಯೂ ಹೋಗಿ ಕೊನೆಗೆ ಒಂದೇ ಹಲಗೆ ಮ್ಯಾಟಿನ ಮೇಲೆ ಉಳಿಯಿತು. ಕೆಂಪಣ್ಣ ತನ್ನ ಅತ್ತೆಯ ಮೊಣಕಾಲಿಗೆ ಈ ಸಾಮಾನೆಲ್ಲ ಬೇಕು, ಬೆಲೆ ಹೇಳು ಅಂತ ಟವಲ್ಲು ಹಿಡಿದು ಬಂದ. ಬಡಗಿಯ ಹತ್ತಿರ ಇನ್ನೊಂದು ಮಾಡಿಸಿಕೊಡುತ್ತೇನೆ, ಇದು ಮಾರಲ್ಲ ಅಂದೆ. "ಗುಣ ಆಯ್ತಲ್ಲೋ, ಇನ್ಯಾಕೆ ನಿಂಗೆ?" ಅಂದ. ಬೆಳಿಗ್ಗೆ ಕಣ್ಣು ಬಿಡುವ ಮೊದಲು ಹೊದಿಕೆಯೊಳಗೆ ಕಾಲ್ಬೆರಳು ಆಡಿಸಿ ನೋಡುವವನು ನಾನು. ಸಣ್ಣ ನೆಗಡಿಗೂ ಎದೆ ಡವಗುಟ್ಟುತ್ತದೆ. ಹಲಗೆಗಳು ಕೊಟ್ಟಿಗೆಯ ಗೋಡೆಗೆ ಒರಗಿರುವುದು ಕಂಡರೆ ಅಷ್ಟು ಧೈರ್ಯ.

ಮೊನ್ನೆ ಹೊಸದಾಗಿ ಒಂದು ಹಸು ಬಂತು. ಹಲಗೆ ತರುತ್ತೇನೆ ತಾಳಿ ಅಂತ ರತ್ನ ಹೇಳುತ್ತಿದ್ದಳು, ಕೈ ಕೇಳಲಿಲ್ಲ. ಕುಕ್ಕರಗಾಲಲ್ಲಿ ಕೂತು ಕೆಚ್ಚಲು ಮುಟ್ಟಿದೆ. ನಾಲ್ಕು ಮೊಲೆಯೂ ಬೆರಳಿಗೆ ಬೇರೆ ಬೇರೆಯಾಗಿ ಸಿಕ್ಕಿದವು. ಆಮೇಲೆ ನೆನಪಾಯಿತು, ಬೆನ್ನ ಹಿಂದೆ ಏನೂ ಇಲ್ಲ.

ಅಲ್ಲೇ ಕೂತೆ. ಏಳಲು ಹೇಳಬೇಕು, ಹೇಳಲು ಹೆದರಿಕೆ. ಹೇಳಿ ತೊಡೆ ಕೇಳದೇ ಹೋದರೆ?

ರತ್ನ ಪಕ್ಕಕ್ಕೆ ಬಂದಳು. ಕಂಕುಳಿಗೆ ಕೈ ಹಾಕಲಿಲ್ಲ. ನನ್ನ ಹೆಗಲ ಟವಲ್ಲು ತೆಗೆದು ಕೈಮೇಲೆ ಹಾಕಿ, ಒಳಗೆ ಬೆರಳು ಹಿಡಿದಳು.

"ಎಳೀಬೇಡ" ಅಂದೆ.

"ಎಳೀತಿಲ್ಲ. ಎಷ್ಟು ಹೇಳಿ."

"ಮೂರು."

"ಎದ್ದು ಹೇಳಿ."

ಕುಂಡಿ ಹಿಂದಕ್ಕೆ ಒತ್ತಿದೆ, ಹಿಮ್ಮಡಿ ನೆಲಕ್ಕೆ ಊರಿದೆ. ತೊಡೆ ನಡುಗಿತು. ನಡುಗುತ್ತಲೇ ಎತ್ತಿತು. ಹಸುವಿನ ಹೊಟ್ಟೆ ಕಂಡಿತು, ಬೆನ್ನು ಕಂಡಿತು, ಅದರಾಚೆ ಚೌಕಟ್ಟು ಕಂಡಿತು.

"ಮೂರು" ಅಂದೆ ನಿಂತುಕೊಂಡು.

ಟವಲ್ಲಿನ ಕೆಳಗೆ ಕಿರುಬೆರಳನ್ನೂ ಸೇರಿಸಿ ಹಿಡಿದಳು.

"ಇದೇನೇ?"

"ಕೊಸರು. ಇವತ್ತಿಗೆ ಇಷ್ಟೇ, ಬನ್ನಿ ಒಳಗೆ."